ಮೆಥಿಲೀನ್ ನೀಲಿ: ಜೀವಕೋಶದ ಉಸಿರಾಟಕ್ಕೆ ಒಂದು ಸಾಕ್ಷಿ

ಬಣ್ಣವೆಂದರೆ ಸಾಮಾನ್ಯವಾಗಿ ನೆನಪಿಗೆ ಬರುವುದು ಬಟ್ಟೆ. ಬಟ್ಟೆಗೆ ಹಾಕಿದ ಬಣ್ಣ ಮಾಸದೆ ಉಳಿಯಬೇಕೆಂಬುದೇ ಕೊಳ್ಳುವವರ ಅಪೇಕ್ಷೆ. ಮಾಸಿಹೋಗುವ ಬಣ್ಣವನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ಕೆಲವು ಬಣ್ಣಗಳ ಬೆಲೆ ಇರುವುದೇ ಅವು ಮಾಸುವುದರಲ್ಲಿ. ಅಂಥ ಬಣ್ಣಗಳ ಪೈಕಿ ಅಗ್ರಗಣ್ಯವಾದುದು ಮೆಥಿಲೀನ್ ನೀಲಿ. ಪ್ರಯೋಗಾಲಯಗಳಲ್ಲಿ ಇದನ್ನು ಮೆಥಿಲೀನ್ ಬ್ಲೂ ಎಂದೇ ಕರೆಯುವುದು ರೂಢಿ. ಒಂದು ಪ್ರನಾಳದಲ್ಲಿ ಈ ನೀಲಿ ದ್ರಾವಣವನ್ನು ಜೀವಂತ ಕೋಶಗಳೊಡನೆ ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ಬಣ್ಣಗೆಡುತ್ತದೆ. ಗಾಳಿಯೊಡನೆ ಕಲಕಿದರೆ ಮತ್ತೆ ನೀಲಿಯಾಗುತ್ತದೆ. ಮೇಲುನೋಟಕ್ಕೆ ಮಕ್ಕಳ ಆಟದಂತೆ ಕಾಣುವ ಈ ಬದಲಾವಣೆಯೇ, ಜೀವಿಗಳು ಆಹಾರದಿಂದ ಶಕ್ತಿಯನ್ನು ಪಡೆಯುವ ಬಗೆಯನ್ನು ಮಾನವನಿಗೆ ತಿಳಿಸಿಕೊಟ್ಟ ಮುಖ್ಯ ಸಾಧನಗಳಲ್ಲಿ ಒಂದಾಯಿತು. ಹಾಲಿನ ಗುಣವನ್ನು ಪರೀಕ್ಷಿಸುವ ಡೇರಿಯಿಂದ ಹಿಡಿದು ಪ್ರಾಣಾಪಾಯದಲ್ಲಿರುವ ರೋಗಿಯ ಹಾಸಿಗೆಯವರೆಗೆ ಇದರ ಉಪಯೋಗ ಹರಡಿದೆ. ಹಾಗೆಯೇ, ಒಂದು ಸಾಕ್ಷಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಎಚ್ಚರಿಕೆಯನ್ನೂ ಈ ಬಣ್ಣ ವಿಜ್ಞಾನಕ್ಕೆ ಕಲಿಸಿದೆ.

ಬಣ್ಣದ ಜನನ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧವು ಕೃತಕ ವರ್ಣದ್ರವ್ಯಗಳ ಯುಗ. ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ಅನಿಲೀನ್ ಮೊದಲಾದ ವಸ್ತುಗಳಿಂದ ಬಗೆಬಗೆಯ ಬಣ್ಣಗಳನ್ನು ತಯಾರಿಸುವ ಉದ್ಯಮ ಜರ್ಮನಿಯಲ್ಲಿ ಬಹು ವೇಗವಾಗಿ ಬೆಳೆಯಿತು. ಬಿ.ಎ.ಎಸ್.ಎಫ್. ಎಂಬ ಪ್ರಸಿದ್ಧ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ರಸಾಯನವಿಜ್ಞಾನಿ ಹೈನ್ರಿಕ್ ಕಾರೊ 1876ರಲ್ಲಿ ಮೆಥಿಲೀನ್ ನೀಲಿಯನ್ನು ತಯಾರಿಸಿದನು. ಆಗ ಉದ್ದೇಶವಿದ್ದುದು ಹತ್ತಿಯ ಬಟ್ಟೆಗೆ ಬಣ್ಣ ಹಾಕುವುದು ಮಾತ್ರ.

ಈ ವಸ್ತುವಿನ ಅಣುವಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು ಉಂಗುರಗಳಿವೆ. ನಡುವಿನ ಉಂಗುರದಲ್ಲಿ ಒಂದು ಗಂಧಕದ ಪರಮಾಣುವೂ ಒಂದು ಸಾರಜನಕದ ಪರಮಾಣುವೂ ಸೇರಿವೆ. ಈ ರಚನೆಯ ಉದ್ದಕ್ಕೂ ಎಲೆಕ್ಟ್ರಾನುಗಳು ಹರಡಿಕೊಂಡಿರುವುದರಿಂದ ಅದು ಕೆಂಪು ಬೆಳಕನ್ನು ಹೀರಿಕೊಂಡು ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ಅಣುವಿಗೆ ಎರಡು ಎಲೆಕ್ಟ್ರಾನುಗಳು ಹೊರಗಿನಿಂದ ಬಂದು ಸೇರಿದಾಗ ಈ ಹರಹು ಮುರಿಯುತ್ತದೆ; ಕೆಂಪು ಬೆಳಕನ್ನು ಹೀರುವ ಶಕ್ತಿ ಹೋಗುತ್ತದೆ; ವಸ್ತು ವರ್ಣರಹಿತವಾಗುತ್ತದೆ. ಹೀಗೆ ಬಣ್ಣಗೆಟ್ಟ ರೂಪಕ್ಕೆ ಲ್ಯೂಕೋ ಮೆಥಿಲೀನ್ ನೀಲಿ ಎಂದು ಹೆಸರು. 'ಲ್ಯೂಕೋ' ಎಂದರೆ ಗ್ರೀಕ್ ಭಾಷೆಯಲ್ಲಿ ಬಿಳುಪು. ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡರೆ ನೀಲಿ ಮರಳಿ ಬರುತ್ತದೆ.

ಉತ್ಕರ್ಷಣ ಮತ್ತು ಅಪಕರ್ಷಣ

ಒಂದು ವಸ್ತು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದೇ ಉತ್ಕರ್ಷಣ; ಪಡೆಯುವುದೇ ಅಪಕರ್ಷಣ. ಕೊಡುವವನಿಲ್ಲದೆ ಪಡೆಯುವವನಿಲ್ಲ, ಆದುದರಿಂದ ಈ ಎರಡು ಕ್ರಿಯೆಗಳು ಯಾವಾಗಲೂ ಜೊತೆಯಾಗಿಯೇ ನಡೆಯುತ್ತವೆ. ಕಬ್ಬಿಣ ತುಕ್ಕು ಹಿಡಿಯುವುದು, ಕಟ್ಟಿಗೆ ಉರಿಯುವುದು, ಉಂಡ ಅನ್ನ ದೇಹದಲ್ಲಿ ಶಕ್ತಿಯಾಗುವುದು - ಇವೆಲ್ಲವೂ ಮೂಲತಃ ಇದೇ ಬಗೆಯ ಕೊಡುಕೊಳ್ಳುವಿಕೆಗಳು.

ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ಶಕ್ತಿ ಎಲ್ಲ ವಸ್ತುಗಳಿಗೂ ಒಂದೇ ಸಮನಾಗಿಲ್ಲ. ಆ ಸೆಳೆತವನ್ನು ವೋಲ್ಟುಗಳಲ್ಲಿ ಅಳೆಯಬಹುದು. ಅಮೆರಿಕದ ವಿಲಿಯಂ ಮ್ಯಾನ್ಸ್‌ಫೀಲ್ಡ್ ಕ್ಲಾರ್ಕ್ ಎಂಬ ವಿಜ್ಞಾನಿ ಮೊದಲು ಆ ದೇಶದ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿ ದುಡಿದು, ಅನಂತರ 1920ರ ದಶಕದಲ್ಲಿ ತನ್ನ ಸಹೋದ್ಯೋಗಿಗಳೊಡನೆ ಹತ್ತಾರು ವರ್ಣದ್ರವ್ಯಗಳ ವಿಭವಗಳನ್ನು ಕ್ರಮವಾಗಿ ಅಳೆದನು. ದ್ರಾವಣ ತಟಸ್ಥವಾಗಿರುವಾಗ, ಎಂದರೆ ಪಿ.ಎಚ್. 7 ಇರುವಾಗ, ಮೆಥಿಲೀನ್ ನೀಲಿಯ ವಿಭವ ಸುಮಾರು +0.01 ವೋಲ್ಟ್. ಕೋಶದೊಳಗೆ ಆಹಾರದಿಂದ ಎಲೆಕ್ಟ್ರಾನುಗಳನ್ನು ಹೊತ್ತು ತರುವ ಎನ್.ಎ.ಡಿ.ಎಚ್. ಎಂಬ ವಸ್ತುವಿನದು ಸುಮಾರು -0.32 ವೋಲ್ಟ್; ಆಮ್ಲಜನಕದ್ದು ಸುಮಾರು +0.82 ವೋಲ್ಟ್. ಎಲೆಕ್ಟ್ರಾನುಗಳು ಕಡಿಮೆ ವಿಭವದಿಂದ ಹೆಚ್ಚು ವಿಭವದ ಕಡೆಗೆ, ನೀರು ಇಳಿಜಾರಿನಲ್ಲಿ ಹರಿಯುವಂತೆ, ಸಾಗುತ್ತವೆ. ಮೆಥಿಲೀನ್ ನೀಲಿ ಈ ಇಳಿಜಾರಿನ ನಡುವೆ ನಿಂತಿದೆ. ಆದುದರಿಂದ ಅದು ಕೋಶದಿಂದ ಎಲೆಕ್ಟ್ರಾನುಗಳನ್ನು ಪಡೆಯಬಲ್ಲುದು, ಆಮ್ಲಜನಕಕ್ಕೆ ಕೊಡಲೂ ಬಲ್ಲುದು. ಪಡೆದಾಗ ಬಿಳುಪು, ಕೊಟ್ಟಾಗ ನೀಲಿ. ಹೀಗೆ ಬಣ್ಣದ ಬದಲಾವಣೆಯಿಂದ ಎಲೆಕ್ಟ್ರಾನುಗಳ ಚಲನೆಯನ್ನು ತಿಳಿಸುವ ದ್ರವ್ಯಕ್ಕೆ ಉತ್ಕರ್ಷಣ-ಅಪಕರ್ಷಣ ಸೂಚಕವೆಂದು ಹೆಸರು.

ಏರ್ಲಿಖ್‌ನ ಪ್ರಶ್ನೆ

ಕಾರ್ಖಾನೆಯ ಬಣ್ಣಗಳನ್ನು ಜೀವಿಗಳ ಅಧ್ಯಯನಕ್ಕೆ ತಿರುಗಿಸಿದವರಲ್ಲಿ ಪ್ರಮುಖನು ಪಾಲ್ ಏರ್ಲಿಖ್. 1854ರಲ್ಲಿ ಜನಿಸಿದ ಈತ ವಿದ್ಯಾರ್ಥಿದೆಸೆಯಿಂದಲೇ ಬಣ್ಣಗಳ ವ್ಯಾಮೋಹಿ. ಒಂದು ಬಣ್ಣ ಒಂದು ಬಗೆಯ ಅಂಗಾಂಶಕ್ಕೆ ಅಂಟಿ ಇನ್ನೊಂದಕ್ಕೆ ಏಕೆ ಅಂಟುವುದಿಲ್ಲ ಎಂಬುದು ಆತನನ್ನು ಜೀವಮಾನವೆಲ್ಲ ಕಾಡಿದ ಪ್ರಶ್ನೆ. 1885ರಲ್ಲಿ ಆತ ಜೀವಿಯ ಆಮ್ಲಜನಕದ ಅಗತ್ಯವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಪ್ರಾಣಿಗಳ ದೇಹಕ್ಕೆ ಅಲಿಜರಿನ್ ನೀಲಿ ಮತ್ತು ಇಂಡೋಫಿನಾಲ್ ನೀಲಿ ಎಂಬ ಎರಡು ಬಣ್ಣಗಳನ್ನು ಸೇರಿಸಿ, ಯಾವ ಅಂಗ ಯಾವ ಬಣ್ಣವನ್ನು ಕೆಡಿಸುತ್ತದೆಂಬುದನ್ನು ಆತ ಗಮನಿಸಿದನು. ಇಂಡೋಫಿನಾಲ್ ನೀಲಿ ಸುಲಭವಾಗಿ ಅಪಕರ್ಷಣಗೊಳ್ಳುತ್ತದೆ. ಅಲಿಜರಿನ್ ನೀಲಿ ಕಷ್ಟದಿಂದ. ಕೆಲವು ಅಂಗಗಳು ಎರಡನ್ನೂ ಕೆಡಿಸಿದವು, ಕೆಲವು ಒಂದನ್ನು ಮಾತ್ರ, ಮತ್ತೆ ಕೆಲವು ಯಾವುದನ್ನೂ ಕೆಡಿಸಲಿಲ್ಲ. ದೇಹದ ಎಲ್ಲ ಭಾಗಗಳೂ ಒಂದೇ ಪ್ರಮಾಣದಲ್ಲಿ ಆಮ್ಲಜನಕಕ್ಕಾಗಿ ಹಸಿದಿಲ್ಲವೆಂಬುದು ಹೀಗೆ ಕಣ್ಣಿಗೆ ಕಾಣುವಂತಾಯಿತು.

ಮರುವರ್ಷ, ಎಂದರೆ 1886ರಲ್ಲಿ, ಮೆಥಿಲೀನ್ ನೀಲಿಯು ಜೀವಂತ ನರತಂತುಗಳನ್ನು ವಿಶೇಷವಾಗಿ ಬಣ್ಣಗೊಳಿಸುವುದನ್ನು ಆತ ವರದಿಮಾಡಿದನು. ಅದಕ್ಕೂ ಮೊದಲೇ, 1882ರಲ್ಲಿ, ರಾಬರ್ಟ್ ಕಾಖ್ ಕ್ಷಯರೋಗದ ಸೂಕ್ಷ್ಮಜೀವಿಯನ್ನು ತೋರಿಸಿಕೊಟ್ಟುದು ಇದೇ ಬಣ್ಣದ ನೆರವಿನಿಂದ. ಸತ್ತ ಕೋಶವನ್ನು ತೋರಿಸಲು ಬಳಸುತ್ತಿದ್ದ ಬಣ್ಣವು ಜೀವಂತ ಕೋಶದ ಕೆಲಸವನ್ನೂ ತೋರಿಸಬಲ್ಲುದೆಂಬುದು ಏರ್ಲಿಖ್‌ನಿಂದ ಖಚಿತವಾಯಿತು.

ಥುನ್‌ಬೆರ್ಗ್ ನಳಿಕೆ ಮತ್ತು ಒಂದು ದೊಡ್ಡ ವಿವಾದ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೀವರಸಾಯನವಿಜ್ಞಾನಿಗಳ ಮುಂದೆ ಒಂದು ಮೂಲಭೂತ ಪ್ರಶ್ನೆ ಇದ್ದಿತು. ಉಸಿರಾಡಿದ ಆಮ್ಲಜನಕ ಕೋಶದೊಳಗೆ ಆಹಾರದೊಡನೆ ಹೇಗೆ ಸೇರುತ್ತದೆ? ಜರ್ಮನಿಯ ಹೈನ್ರಿಕ್ ವೀಲಾಂಡ್ ಹೇಳಿದ್ದು: ಆಹಾರದ ಅಣುವಿನಿಂದ ಜಲಜನಕವನ್ನು ಕಿಣ್ವಗಳು ಸಡಿಲಗೊಳಿಸುತ್ತವೆ, ಅದನ್ನು ಸ್ವೀಕರಿಸುವುದಷ್ಟೇ ಆಮ್ಲಜನಕದ ಕೆಲಸ, ಆಮ್ಲಜನಕದ ಬದಲು ಮೆಥಿಲೀನ್ ನೀಲಿ ಇದ್ದರೂ ಕೆಲಸ ನಡೆಯುತ್ತದೆ. ಅದೇ ದೇಶದ ಓಟ್ಟೊ ವಾರ್ಬುರ್ಗ್ ಹೇಳಿದ್ದು: ಹಾಗಲ್ಲ, ಮೊದಲು ಚುರುಕುಗೊಳ್ಳಬೇಕಾದುದು ಆಮ್ಲಜನಕವೇ, ಅದನ್ನು ಚುರುಕುಗೊಳಿಸುವುದು ಕಬ್ಬಿಣವನ್ನೊಳಗೊಂಡ ಒಂದು ಕಿಣ್ವ, ಅತ್ಯಲ್ಪ ಸಯನೈಡ್ ವಿಷ ಉಸಿರಾಟವನ್ನು ನಿಲ್ಲಿಸುವುದೇ ಅದಕ್ಕೆ ಪ್ರಮಾಣ.

ಈ ವಿವಾದದ ನಡುವೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಟಾರ್‌ಸ್ಟೆನ್ ಥುನ್‌ಬೆರ್ಗ್ ಒಂದು ಸರಳ ಉಪಕರಣವನ್ನು ರೂಪಿಸಿದನು. ಅದು ಗಾಜಿನ ಒಂದು ಪ್ರನಾಳ. ಅದಕ್ಕೆ ಬಿಗಿಯಾಗಿ ಕೂಡುವ ಗಾಜಿನ ಮುಚ್ಚಳ. ಗಾಳಿಯನ್ನು ಹೊರಗೆ ಸೆಳೆಯಲು ಪಕ್ಕದಲ್ಲೊಂದು ದಾರಿ. ಪ್ರನಾಳದಲ್ಲಿ ನುಣ್ಣಗೆ ಕತ್ತರಿಸಿದ ಸ್ನಾಯು, ಪರೀಕ್ಷಿಸಬೇಕಾದ ವಸ್ತು ಹಾಗೂ ಮೆಥಿಲೀನ್ ನೀಲಿಯನ್ನಿಟ್ಟು ಗಾಳಿಯನ್ನು ತೆಗೆದುಬಿಟ್ಟರೆ, ಬಣ್ಣ ಕೆಡಲು ಹಿಡಿಯುವ ಕಾಲವೇ ಕಿಣ್ವದ ಚಟುವಟಿಕೆಯ ಅಳತೆ. ನೀರಿನಲ್ಲಿ ಚೆನ್ನಾಗಿ ತೊಳೆದ ಸ್ನಾಯು ಬಣ್ಣವನ್ನು ಕೆಡಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಿತ್ತು. ಸಕ್ಸಿನಿಕ್ ಆಮ್ಲವನ್ನು ಸೇರಿಸಿದೊಡನೆ ಆ ಶಕ್ತಿ ಮರಳುತ್ತಿತ್ತು. ತೊಳೆದಾಗ ಹೊರಟುಹೋದುದು ಆಹಾರ, ಉಳಿದುದು ಕಿಣ್ವ ಎಂಬ ತೀರ್ಮಾನ ಸಹಜವಾಗಿಯೇ ಬಂದಿತು. ಹೀಗೆ ಒಂದೊಂದೇ ವಸ್ತುವನ್ನು ಸೇರಿಸುತ್ತಾ, ಕೋಶ ಯಾವ ಯಾವ ವಸ್ತುಗಳಿಂದ ಜಲಜನಕವನ್ನು ತೆಗೆಯಬಲ್ಲುದೆಂಬ ಪಟ್ಟಿ ಸಿದ್ಧವಾಯಿತು.

ಸಯನೈಡ್ ಬೆರೆಸಿದ ಸ್ನಾಯುವಿನಲ್ಲಿ ಆಮ್ಲಜನಕದ ಬಳಕೆ ನಿಲ್ಲುತ್ತದೆ, ಆದರೆ ಮೆಥಿಲೀನ್ ನೀಲಿ ಬಣ್ಣಗೆಡುವುದು ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಅಂಥ ವಿಷಪೂರಿತ ಸ್ನಾಯುವಿಗೆ ಗಾಳಿಯಲ್ಲಿ ಈ ಬಣ್ಣವನ್ನು ಬೆರೆಸಿದರೆ ಆಮ್ಲಜನಕದ ಬಳಕೆ ಮತ್ತೆ ಆರಂಭವಾಗುತ್ತದೆ. ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1924ರಲ್ಲಿ ಇಂಥ ಪ್ರಯೋಗಗಳಿಂದ ವೀಲಾಂಡ್ ಮತ್ತು ವಾರ್ಬುರ್ಗ್ ಇಬ್ಬರ ಮಾತೂ ಅರ್ಧರ್ಧ ಸತ್ಯವೆಂಬುದನ್ನು ತೋರಿಸಿದನು. ಜಲಜನಕವನ್ನು ಬಿಡಿಸುವ ಕಿಣ್ವಗಳು ಒಂದು ತುದಿಯಲ್ಲಿವೆ. ಆಮ್ಲಜನಕವನ್ನು ಚುರುಕುಗೊಳಿಸುವ ಕಿಣ್ವ ಇನ್ನೊಂದು ತುದಿಯಲ್ಲಿದೆ. ಸಯನೈಡ್ ಕೆಡಿಸುವುದು ಎರಡನೆಯದನ್ನು ಮಾತ್ರ. ಈ ಎರಡು ತುದಿಗಳನ್ನು ಜೋಡಿಸುವ ಸೈಟೋಕ್ರೋಮ್ ಎಂಬ ಸೇತುವನ್ನು ಕೇಂಬ್ರಿಜ್‌ನಲ್ಲಿ ಡೇವಿಡ್ ಕೀಲಿನ್ 1925ರಲ್ಲಿ ವರ್ಣಿಸಿದನು. ಉಸಿರಾಟದ ಸರಪಳಿಯೆಂದು ಪಠ್ಯಪುಸ್ತಕಗಳು ಕರೆಯುವ ವ್ಯವಸ್ಥೆಯ ಅರಿವು ಹೀಗೆ ಮೂಡಿತು.

ಒಂದು ಸಣ್ಣ ವ್ಯತ್ಯಾಸ, ಒಂದು ದೊಡ್ಡ ತತ್ತ್ವ

ಅದೇ ಕೇಂಬ್ರಿಜ್‌ನಲ್ಲಿ ಜೂಡಾ ಕ್ವಾಸ್ಟೆಲ್ ಈ ವಿಧಾನವನ್ನು ಸ್ನಾಯುವಿನ ಬದಲು ಸೂಕ್ಷ್ಮಜೀವಿಗಳ ಮೇಲೆ ಪ್ರಯೋಗಿಸಿದನು. 1928ರಲ್ಲಿ ಆತನೂ ಆತನ ಸಹೋದ್ಯೋಗಿ ವುಲ್ಡ್‌ರಿಜ್ಜನೂ ಮಲೋನಿಕ್ ಆಮ್ಲವು ಸಕ್ಸಿನಿಕ್ ಆಮ್ಲದ ಕ್ರಿಯೆಗೆ ಅಡ್ಡಬರುವುದನ್ನು ಕಂಡರು. ಎರಡೂ ಆಮ್ಲಗಳ ರಚನೆ ಬಹುತೇಕ ಒಂದೇ. ಮಲೋನಿಕ್ ಆಮ್ಲದಲ್ಲಿ ಇಂಗಾಲದ ಒಂದು ಪರಮಾಣು ಕಡಿಮೆ. ಕಿಣ್ವ ಈ ಹೋಲಿಕೆಗೆ ಮೋಸಹೋಗಿ ಮಲೋನಿಕ್ ಆಮ್ಲವನ್ನು ಹಿಡಿದುಕೊಳ್ಳುತ್ತದೆ. ಅದರಿಂದ ಜಲಜನಕವನ್ನು ತೆಗೆಯಲಾರದೆ ಕೆಲಸವಿಲ್ಲದೆ ನಿಲ್ಲುತ್ತದೆ. ಬೀಗಕ್ಕೆ ಹೊಗುವ, ಆದರೆ ಬೀಗವನ್ನು ತೆರೆಯಲಾರದ ಸುಳ್ಳು ಕೀಲಿಕೈಗೆ ಇದನ್ನು ಹೋಲಿಸಬಹುದು. ಇದೆಲ್ಲ ತಿಳಿದುಬಂದುದು, ಪ್ರನಾಳದಲ್ಲಿ ನೀಲಿ ಬಣ್ಣ ಕೆಡುವುದು ತಡವಾದುದರಿಂದ.

ಈ ತತ್ತ್ವಕ್ಕೆ ಸ್ಪರ್ಧಾತ್ಮಕ ಪ್ರತಿಬಂಧವೆಂದು ಹೆಸರು. ಸಲ್ಫಾ ಔಷಧಿಗಳು ಸೂಕ್ಷ್ಮಜೀವಿಗಳನ್ನು ತಡೆಯುವ ಬಗೆಯೂ ಇದೇ ಎಂದು 1940ರಲ್ಲಿ ಡೊನಾಲ್ಡ್ ವುಡ್ಸ್ ತೋರಿಸಿದನು. ಹಾನ್ಸ್ ಕ್ರೆಬ್ಸ್ 1937ರಲ್ಲಿ ಸಿಟ್ರಿಕ್ ಆಮ್ಲ ಚಕ್ರವನ್ನು ನಿರೂಪಿಸುವಾಗ ಅದೇ ಮಲೋನಿಕ್ ಆಮ್ಲವನ್ನು ಸಾಧನವಾಗಿ ಬಳಸಿದನು.

ಹಾಲಿನ ಪರೀಕ್ಷೆ

ವಿಶ್ವವಿದ್ಯಾಲಯದಲ್ಲಿ ಬೆಳೆದ ಈ ವಿದ್ಯೆ ಹೈನುಗಾರಿಕೆಗೂ ಬಂದಿತು. ಕರೆದ ಹಾಲಿನಲ್ಲಿ ಸ್ವಲ್ಪ ಆಮ್ಲಜನಕ ಕರಗಿರುತ್ತದೆ. ಹಾಲಿಗೆ ಬಿದ್ದ ಬ್ಯಾಕ್ಟೀರಿಯಗಳು ಬೆಳೆಯುತ್ತಾ ಆ ಆಮ್ಲಜನಕವನ್ನು ಮುಗಿಸುತ್ತವೆ. ಆಮೇಲೆ ಅವುಗಳ ಎಲೆಕ್ಟ್ರಾನುಗಳು ಮೆಥಿಲೀನ್ ನೀಲಿಗೆ ಹೋಗುತ್ತವೆ. ಬ್ಯಾಕ್ಟೀರಿಯಗಳು ಹೆಚ್ಚಿದ್ದಷ್ಟೂ ಬಣ್ಣ ಬೇಗ ಕೆಡುತ್ತದೆ.

ಪರೀಕ್ಷೆಯ ಕ್ರಮ ಸರಳ. ಕಾಯಿಸಿ ಶುದ್ಧಗೊಳಿಸಿದ ಪ್ರನಾಳದಲ್ಲಿ 10 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಬಣ್ಣದ ದ್ರಾವಣ. ಮುಚ್ಚಳ ಹಾಕಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿಟ್ಟು ಆಗಾಗ ನೋಡುವುದು. ಭಾರತದ ಡೇರಿಗಳಲ್ಲಿ ರೂಢಿಯಲ್ಲಿರುವ ವರ್ಗೀಕರಣದಂತೆ, ಬಣ್ಣ 5 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದರೆ ಹಸಿ ಹಾಲು ಅತ್ಯುತ್ತಮ. 3ರಿಂದ 4 ಗಂಟೆ ಉಳಿದರೆ ಉತ್ತಮ. 1ರಿಂದ 2 ಗಂಟೆಯಾದರೆ ಸಾಧಾರಣ. ಅರ್ಧ ಗಂಟೆಯೊಳಗೆ ಕೆಟ್ಟರೆ ಕಳಪೆ. ಸೂಕ್ಷ್ಮದರ್ಶಕವಿಲ್ಲದೆ, ಬ್ಯಾಕ್ಟೀರಿಯಗಳನ್ನು ಎಣಿಸದೆ, ಗಡಿಯಾರವನ್ನು ನೋಡಬಲ್ಲ ಯಾವ ಕೆಲಸಗಾರನೂ ಈ ನಿರ್ಣಯವನ್ನು ಕೊಡಬಲ್ಲನು. ಎಳೆಯ ಮಕ್ಕಳ ಆಹಾರವಾದ ಹಾಲಿನ ವಿಷಯದಲ್ಲಿ ಇದು ಸಣ್ಣ ಉಪಕಾರವಲ್ಲ.

ಆದರೆ ಇಲ್ಲಿಯೇ ಎಚ್ಚರಿಕೆಯೂ ಬೇಕು. ಕೆಚ್ಚಲುಬಾವು ತಗುಲಿದ ಹಸುವಿನ ಹಾಲಿನಲ್ಲಿರುವ ಬಿಳಿಯ ರಕ್ತಕಣಗಳೂ ಬಣ್ಣವನ್ನು ಕೆಡಿಸುತ್ತವೆ. ಬಿಸಿಲು ತಗುಲಿದರೂ ಬಣ್ಣ ಬೇಗ ಕೆಡುತ್ತದೆ. ತಂಪುಪೆಟ್ಟಿಗೆಯಲ್ಲಿಟ್ಟ ಹಾಲಿನಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಗಳು ಬಣ್ಣವನ್ನು ನಿಧಾನವಾಗಿ ಕೆಡಿಸುವುದರಿಂದ, ತಣಿಸಿದ ಹಾಲಿನ ದೋಷವನ್ನು ಈ ಪರೀಕ್ಷೆ ಪೂರ್ಣವಾಗಿ ಹೇಳಲಾರದು. ಬಣ್ಣ ಹೇಳುವುದು ಎಲೆಕ್ಟ್ರಾನುಗಳು ಬಂದವೆಂಬುದನ್ನು ಮಾತ್ರ, ಯಾರಿಂದ ಬಂದವೆಂಬುದನ್ನಲ್ಲ.

ಸೋದರ ಬಣ್ಣಗಳು

ಮೆಥಿಲೀನ್ ನೀಲಿ ತೋರಿಸಿದ ದಾರಿಯಲ್ಲಿ ಇತರ ಸೂಚಕಗಳೂ ಬಂದವು. ರೆಸಜ್ಯೂರಿನ್ ಎಂಬ ನೀಲಿ ದ್ರವ್ಯವನ್ನು 1929ರಲ್ಲಿ ಹಾಲಿನ ಪರೀಕ್ಷೆಗೆ ತರಲಾಯಿತು. ಜೀವಂತ ಕೋಶಗಳು ಅದನ್ನು ಮೊದಲು ಗುಲಾಬಿ ಬಣ್ಣಕ್ಕೆ ತಿರುಗಿಸುತ್ತವೆ. ಈ ಬದಲಾವಣೆ ಗಾಳಿಯಿಂದ ಹಿಂದಕ್ಕೆ ಹೋಗುವುದಿಲ್ಲ. ಮೇಲಾಗಿ ಗುಲಾಬಿ ರೂಪವು ಪ್ರತಿದೀಪ್ತಿಯನ್ನು ಬೀರುವುದರಿಂದ ಅತ್ಯಲ್ಪ ಪ್ರಮಾಣವನ್ನೂ ಅಳೆಯಬಹುದು. ಕ್ಷಯರೋಗದ ಸೂಕ್ಷ್ಮಜೀವಿಗೆ ಯಾವ ಔಷಧಿ ನಾಟುತ್ತದೆಂಬುದನ್ನು ತಿಳಿಯುವ ಒಂದು ವಿಧಾನವನ್ನು ಇದೇ ದ್ರವ್ಯದಿಂದ 2002ರಲ್ಲಿ ರೂಪಿಸಲಾಯಿತು. ಔಷಧಿಯ ನಡುವೆಯೂ ನೀಲಿ ಗುಲಾಬಿಯಾದರೆ ರೋಗಾಣು ಬದುಕಿದೆ. ನೀಲಿಯಾಗಿಯೇ ಉಳಿದರೆ ಔಷಧಿ ಗೆದ್ದಿದೆ.

ಟೆಟ್ರಜೋಲಿಯಂ ಲವಣಗಳದು ಇದಕ್ಕೆ ವಿರುದ್ಧವಾದ ನಡತೆ. ಇವು ಎಲೆಕ್ಟ್ರಾನುಗಳನ್ನು ಪಡೆದಾಗ ಬಣ್ಣಗೆಡುವ ಬದಲು ಗಾಢವಾದ ಬಣ್ಣವನ್ನು ತಾಳುತ್ತವೆ. 1968ರಲ್ಲಿ ಬೇನರ್ ಮತ್ತು ನೇಥನ್ ಎಂಬ ವೈದ್ಯರು, ಪದೇ ಪದೇ ಸೋಂಕಿಗೆ ತುತ್ತಾಗುವ ಕೆಲವು ಮಕ್ಕಳ ಬಿಳಿಯ ರಕ್ತಕಣಗಳು ನೈಟ್ರೋಬ್ಲೂ ಟೆಟ್ರಜೋಲಿಯಂ ಲವಣವನ್ನು ನೀಲಿಯಾಗಿಸಲಾರವೆಂಬುದನ್ನು ಆಧಾರವಾಗಿಟ್ಟುಕೊಂಡು ಒಂದು ಆನುವಂಶಿಕ ರೋಗಕ್ಕೆ ಪರೀಕ್ಷೆಯನ್ನು ಕೊಟ್ಟರು. 1983ರಲ್ಲಿ ಟಿಮ್ ಮಾಸ್‌ಮನ್ ಎಂ.ಟಿ.ಟಿ. ಎಂಬ ಹಳದಿ ಲವಣದಿಂದ ಬದುಕಿರುವ ಕೋಶಗಳನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದನು. ಹೊಸ ಔಷಧಿಗಳ ಪರೀಕ್ಷೆಯಲ್ಲಿ ಅದು ಜಗತ್ತಿನ ಪ್ರಯೋಗಾಲಯಗಳ ನಿತ್ಯದ ಕೆಲಸವಾಗಿದೆ.

ರೋಗಿಯ ಹಾಸಿಗೆಯ ಬಳಿ

ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣ ಫೆರಸ್ ಸ್ಥಿತಿಯಲ್ಲಿದ್ದರೆ ಮಾತ್ರ ಆಮ್ಲಜನಕವನ್ನು ಹೊರಬಲ್ಲುದು. ಅದು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಫೆರಿಕ್ ಸ್ಥಿತಿಗೆ ಹೋದರೆ ಮೆಥಿಮೋಗ್ಲೋಬಿನ್ ಎನಿಸಿಕೊಳ್ಳುತ್ತದೆ. ಆಗ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ, ತುಟಿ ಮತ್ತು ಚರ್ಮ ನೀಲಿಗಟ್ಟುತ್ತವೆ. ಆರೋಗ್ಯವಂತರಲ್ಲಿ ಇದರ ಪ್ರಮಾಣ ಸುಮಾರು ನೂರಕ್ಕೆ ಒಂದು ಭಾಗ ಮಾತ್ರ. ಕೆಟ್ಟುದನ್ನು ಸರಿಪಡಿಸುವ ಕಿಣ್ವ ರಕ್ತಕಣದಲ್ಲಿಯೇ ಇದೆ. ಆದರೆ ಕೆಲವು ರಾಸಾಯನಿಕಗಳು ದೇಹವನ್ನು ಸೇರಿದಾಗ ಇದು ಅಪಾಯಕಾರಿಯಾಗಿ ಏರುತ್ತದೆ. ನೈಟ್ರೇಟ್ ಹೆಚ್ಚಾಗಿರುವ ಬಾವಿಯ ನೀರಿನಿಂದ ತಯಾರಿಸಿದ ಆಹಾರವನ್ನು ಕುಡಿದ ಹಸುಗೂಸುಗಳು ನೀಲಿಗಟ್ಟುವುದನ್ನು ಅಮೆರಿಕದ ಹಂಟರ್ ಕಾಮ್ಲಿ 1945ರಲ್ಲಿ ವರದಿಮಾಡಿದನು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ಭಾರತೀಯ ಮಾನಕದ ಹಿಂದೆ ಇರುವುದು ಈ ಭಯವೇ.

1928ರಲ್ಲಿ ಹ್ಯಾರಪ್ ಮತ್ತು ಬ್ಯಾರನ್ ಎಂಬುವರು ಮೆಥಿಲೀನ್ ನೀಲಿಯು ಕೆಂಪು ರಕ್ತಕಣಗಳ ಆಮ್ಲಜನಕ ಬಳಕೆಯನ್ನು ಬಹಳವಾಗಿ ಹೆಚ್ಚಿಸುವುದನ್ನು ಕಂಡಿದ್ದರು. ರಕ್ತಕಣದೊಳಗೆ ಎನ್.ಎ.ಡಿ.ಪಿ.ಎಚ್. ಎಂಬ ವಸ್ತುವಿನಿಂದ ಎಲೆಕ್ಟ್ರಾನುಗಳನ್ನು ಪಡೆದು ಬಣ್ಣವು ಲ್ಯೂಕೋ ರೂಪಕ್ಕೆ ಹೋಗುತ್ತದೆ. ಆ ರೂಪವು ತನ್ನ ಎಲೆಕ್ಟ್ರಾನನ್ನು ಕೆಟ್ಟ ಹಿಮೋಗ್ಲೋಬಿನ್ನಿಗೆ ಕೊಟ್ಟು ಅದನ್ನು ಸರಿಪಡಿಸುತ್ತದೆ. ಪ್ರನಾಳದಲ್ಲಿ ಸಾಕ್ಷಿಯಾಗಿದ್ದ ಬಣ್ಣ ಇಲ್ಲಿ ತಾನೇ ದೂತನಾಗಿ ದುಡಿಯುತ್ತದೆ.

ಇದರ ಒಂದು ಸ್ಮರಣೀಯ ನಿದರ್ಶನ ಅಮೆರಿಕದ ಕೆಂಟಕಿ ಸಂಸ್ಥಾನದ ಗುಡ್ಡಗಾಡಿನದು. ಟ್ರಬಲ್‌ಸಮ್ ಕ್ರೀಕ್ ಎಂಬ ತೊರೆಯ ದಂಡೆಯ ಕೆಲವು ಕುಟುಂಬಗಳಲ್ಲಿ ತಲೆಮಾರುಗಳಿಂದ ನೀಲಿಬಣ್ಣದ ಚರ್ಮದವರು ಹುಟ್ಟುತ್ತಿದ್ದರು. ರಕ್ತಸಂಬಂಧಿಗಳಲ್ಲಿಯೇ ವಿವಾಹಗಳು ನಡೆಯುತ್ತಿದ್ದುದರಿಂದ, ಹಿಮೋಗ್ಲೋಬಿನ್ನನ್ನು ಸರಿಪಡಿಸುವ ಕಿಣ್ವದ ಕೊರತೆ ಅವರಲ್ಲಿ ಉಳಿದುಬಂದಿತ್ತು. 1960ರ ದಶಕದ ಆರಂಭದಲ್ಲಿ ಮ್ಯಾಡಿಸನ್ ಕಾವೈನ್ ಎಂಬ ರಕ್ತರೋಗತಜ್ಞ ಅವರನ್ನು ಹುಡುಕಿಕೊಂಡು ಹೋಗಿ, ರಕ್ತವನ್ನು ಪರೀಕ್ಷಿಸಿ, ಮೆಥಿಲೀನ್ ನೀಲಿಯ ಚುಚ್ಚುಮದ್ದನ್ನು ಕೊಟ್ಟನು. ಕೆಲವೇ ನಿಮಿಷಗಳಲ್ಲಿ ಅವರ ಚರ್ಮದ ನೀಲಿ ಅಳಿದು ಸಹಜ ವರ್ಣ ಮೂಡಿತು. ಇತರರ ಕಣ್ಣಿಗೆ ವಿಚಿತ್ರವಾಗಿ ಕಂಡು ನಾಚಿಕೆಯಿಂದ ಬದುಕುತ್ತಿದ್ದವರ ನೀಲಿಯನ್ನು ಕಳೆದುದು ಒಂದು ನೀಲಿ ಬಣ್ಣವೇ. ಔಷಧಿ ಮೂತ್ರದಲ್ಲಿ ಹೊರಟುಹೋಗುವುದರಿಂದ ಮುಂದೆ ಅವರು ಅದನ್ನು ಮಾತ್ರೆಯ ರೂಪದಲ್ಲಿ ಪ್ರತಿನಿತ್ಯ ಸೇವಿಸಬೇಕಾಯಿತು. 1964ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಇದೇ ಔಷಧಿ ವಿವೇಚನೆಯಿಲ್ಲದೆ ಬಳಸಿದರೆ ವಿಷವೂ ಆಗಬಲ್ಲುದು. ದೇಹತೂಕದ ಒಂದು ಕಿಲೋಗ್ರಾಮಿಗೆ 1ರಿಂದ 2 ಮಿಲಿಗ್ರಾಂ ಪ್ರಮಾಣದಲ್ಲಿ ವೈದ್ಯರು ಇದನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ಪ್ರಮಾಣ ಬಹಳವಾಗಿ ಹೆಚ್ಚಿದರೆ ನೀಲಿ ರೂಪವೇ ಹಿಮೋಗ್ಲೋಬಿನ್ನಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು, ಯಾವ ರೋಗಕ್ಕೆ ಮದ್ದೋ ಆ ರೋಗವನ್ನೇ ತರುತ್ತದೆ. ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೊರತೆಯಿರುವವರ ರಕ್ತಕಣಗಳಲ್ಲಿ ಎನ್.ಎ.ಡಿ.ಪಿ.ಎಚ್. ಸಾಕಷ್ಟು ಇರುವುದಿಲ್ಲ; ಅವರಿಗೆ ಈ ಔಷಧಿಯಿಂದ ಗುಣವಾಗುವ ಬದಲು ರಕ್ತಕಣಗಳು ಒಡೆಯುವ ಅಪಾಯವಿದೆ. ಈ ಕೊರತೆ ಭಾರತದ ಕೆಲವು ಸಮುದಾಯಗಳಲ್ಲಿಯೂ ಕಂಡುಬರುತ್ತದೆ. ಮಾನಸಿಕ ಖಿನ್ನತೆಗೆ ಕೊಡುವ ಕೆಲವು ಔಷಧಿಗಳೊಡನೆ ಇದು ಸೇರಿದರೆ ಗಂಭೀರ ತೊಂದರೆಯಾಗುವುದೆಂದು ಅಮೆರಿಕದ ಔಷಧ ಆಡಳಿತ 2011ರಲ್ಲಿ ಎಚ್ಚರಿಸಿತು. ಬೆರಳಿಗೆ ಹಾಕಿ ರಕ್ತದ ಆಮ್ಲಜನಕವನ್ನು ಅಳೆಯುವ ಉಪಕರಣವೂ ಈ ಬಣ್ಣದಿಂದ ದಾರಿತಪ್ಪಿ, ಇರುವುದಕ್ಕಿಂತ ಕಡಿಮೆ ಅಂಕಿಯನ್ನು ತೋರಿಸುತ್ತದೆ.

ಮಲೇರಿಯ ಮತ್ತು ಮುಂದಿನ ಪ್ರಶ್ನೆಗಳು

ಮಲೇರಿಯ ರೋಗಾಣು ಮೆಥಿಲೀನ್ ನೀಲಿಯನ್ನು ಹೀರಿಕೊಳ್ಳುವುದನ್ನು ಗಮನಿಸಿದ ಏರ್ಲಿಖ್, 1891ರಲ್ಲಿ ಪಾಲ್ ಗುಟ್‌ಮನ್ನನೊಡನೆ ಬರ್ಲಿನ್ನಿನಲ್ಲಿ ಇಬ್ಬರು ರೋಗಿಗಳಿಗೆ ಇದನ್ನು ಕೊಟ್ಟು ಗುಣವನ್ನು ಕಂಡನು. ಪ್ರಯೋಗಾಲಯದಲ್ಲಿ ತಯಾರಾದ ವಸ್ತುವೊಂದು ಸೋಂಕುರೋಗಕ್ಕೆ ಔಷಧಿಯಾದ ಮೊದಮೊದಲ ಪ್ರಸಂಗಗಳಲ್ಲಿ ಇದು ಒಂದು. ಮುಂದೆ ಬೇರೆ ಔಷಧಿಗಳು ಬಂದುದರಿಂದ ಇದು ಹಿಂದೆ ಬಿದ್ದಿತು. ಆ ಔಷಧಿಗಳಿಗೆ ರೋಗಾಣು ಜಗ್ಗದಂತಾದಾಗ ವಿಜ್ಞಾನಿಗಳು ಮತ್ತೆ ಇದರತ್ತ ತಿರುಗಿದರು. ಪಶ್ಚಿಮ ಆಫ್ರಿಕದ ಬುರ್ಕೀನ ಫಾಸೋ ಮತ್ತು ಮಾಲಿ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ, ಸೊಳ್ಳೆಗೆ ದಾಟಿ ರೋಗವನ್ನು ಹರಡುವ ರೋಗಾಣು ರೂಪಗಳನ್ನು ಇದು ಚೆನ್ನಾಗಿ ಅಡಗಿಸುತ್ತದೆಂದು ಕಂಡುಬಂದಿತು.

ಎಲ್ಲ ನಿರೀಕ್ಷೆಗಳೂ ಫಲಿಸಿಲ್ಲ. ವೃದ್ಧಾಪ್ಯದ ಮರೆವಿನ ರೋಗಕ್ಕೆ ಇದರ ಒಂದು ರೂಪಾಂತರವನ್ನು ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು; ಬಯಸಿದ ಫಲ ದೊರೆಯಲಿಲ್ಲ. ಆ ಪರೀಕ್ಷೆಯಲ್ಲಿ ಒಂದು ಸ್ವಾರಸ್ಯವಿತ್ತು. ಈ ಔಷಧಿ ಮೂತ್ರಕ್ಕೆ ಬಣ್ಣ ಕೊಡುವುದರಿಂದ, ಯಾರಿಗೆ ಔಷಧಿ ಸಿಕ್ಕಿದೆ ಎಂಬುದು ರೋಗಿಗೇ ತಿಳಿದುಬಿಡುವ ಸಂಭವವಿತ್ತು. ಅದನ್ನು ತಡೆಯಲು ಹೋಲಿಕೆಯ ಗುಂಪಿನವರಿಗೂ ಅತ್ಯಲ್ಪ ಪ್ರಮಾಣದಲ್ಲಿ ಅದೇ ವಸ್ತುವನ್ನು ಕೊಡಬೇಕಾಯಿತು.

ವಿದ್ಯಾರ್ಥಿ ಮಾಡಿ ನೋಡಬಹುದಾದ ಪ್ರಯೋಗ

ಈ ವಿಷಯದ ಮರ್ಮವನ್ನು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೇ, ಉಪಾಧ್ಯಾಯರ ಸಮ್ಮುಖದಲ್ಲಿ, ಕಾಣಬಹುದು. ರೊಟ್ಟಿ ತಯಾರಿಕೆಗೆ ಬಳಸುವ ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸಕ್ಕರೆಯೊಡನೆ ಕಲಕಿ, ಎರಡು ಪ್ರನಾಳಗಳಿಗೆ ಸಮನಾಗಿ ಹಂಚಬೇಕು. ಒಂದನ್ನು ಕುದಿಸಿ ಆರಿಸಬೇಕು. ಎರಡಕ್ಕೂ ಸಮನಾಗಿ ಕೆಲವು ಹನಿ ತೆಳುವಾದ ಮೆಥಿಲೀನ್ ನೀಲಿ ದ್ರಾವಣವನ್ನು ಬೆರೆಸಿ, ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಅಲುಗಿಸದೆ ಇಡಬೇಕು. ಕುದಿಸದ ಪ್ರನಾಳದಲ್ಲಿ ಬಣ್ಣ ಕ್ರಮೇಣ ಕೆಡುತ್ತದೆ. ಗಾಳಿ ತಾಗುವ ಮೇಲ್ಭಾಗದಲ್ಲಿ ಮಾತ್ರ ತೆಳುವಾದ ನೀಲಿ ಪದರ ಉಳಿಯುತ್ತದೆ. ಪ್ರನಾಳವನ್ನು ಅಲ್ಲಾಡಿಸಿದರೆ ನೀಲಿ ಮರಳಿ ಬರುತ್ತದೆ. ಕುದಿಸಿದ ಪ್ರನಾಳ ನೀಲಿಯಾಗಿಯೇ ಇರುತ್ತದೆ. ಸೂಕ್ಷ್ಮದರ್ಶಕವಿದ್ದಲ್ಲಿ ಒಂದೊಂದು ಹನಿಯನ್ನು ನೋಡಿದರೆ, ಸತ್ತ ಕೋಶಗಳು ನೀಲಿಯಾಗಿಯೂ ಬದುಕಿದ ಕೋಶಗಳು ವರ್ಣರಹಿತವಾಗಿಯೂ ಕಾಣುತ್ತವೆ. ಈ ದ್ರಾವಣವನ್ನು ಬಾಯಿಗೆ ತಾಗಿಸಬಾರದು. ಪ್ರಯೋಗಾಲಯದ ಬಣ್ಣವು ಔಷಧಿಯಲ್ಲ.

ಇಲ್ಲಿ ಕುದಿಸಿದ ಪ್ರನಾಳದ ಪಾತ್ರ ಕುದಿಸದ ಪ್ರನಾಳದ್ದಕ್ಕಿಂತ ಕಡಿಮೆಯದಲ್ಲ. ಅದಿಲ್ಲದಿದ್ದರೆ ಬಣ್ಣ ಕೆಟ್ಟುದು ಯೀಸ್ಟಿನ ಜೀವದಿಂದಲೋ, ಸಕ್ಕರೆಯಿಂದಲೋ, ಬೆಳಕಿನಿಂದಲೋ ಎಂದು ಹೇಳಲು ಬರುವುದಿಲ್ಲ. ಥುನ್‌ಬೆರ್ಗ್ ತೊಳೆದ ಸ್ನಾಯುವನ್ನು ತೊಳೆಯದ ಸ್ನಾಯುವಿನೊಡನೆ ಹೋಲಿಸಿದುದೂ, ಕ್ವಾಸ್ಟೆಲ್ ಮಲೋನಿಕ್ ಆಮ್ಲವಿದ್ದ ಪ್ರನಾಳವನ್ನು ಇಲ್ಲದ ಪ್ರನಾಳದೊಡನೆ ಹೋಲಿಸಿದುದೂ ಇದೇ ಕಾರಣದಿಂದ. ಡೇರಿಯ ಕೆಲಸಗಾರ ಪ್ರನಾಳವನ್ನು ಬಿಸಿಲಿನಿಂದ ದೂರವಿಡುವುದೂ, ವೈದ್ಯ ಚುಚ್ಚುಮದ್ದಿಗೆ ಮೊದಲು ರೋಗಿಯ ರಕ್ತದ ದೋಷಗಳನ್ನು ವಿಚಾರಿಸುವುದೂ ಅದೇ ಎಚ್ಚರಿಕೆಯ ಬೇರೆ ಬೇರೆ ರೂಪಗಳು.

ಬಟ್ಟೆಗಾಗಿ ಹುಟ್ಟಿದ ಒಂದು ಬಣ್ಣ ಉಸಿರಾಟದ ರಹಸ್ಯವನ್ನು ತಿಳಿಸಿತು, ಹಾಲನ್ನು ಪರೀಕ್ಷಿಸಿತು, ನೀಲಿಗಟ್ಟಿದ ದೇಹಕ್ಕೆ ಸಹಜ ವರ್ಣವನ್ನು ಮರಳಿಸಿತು. ಇವುಗಳಲ್ಲಿ ಯಾವುದೂ ಬಣ್ಣದಿಂದ ಮಾತ್ರ ಆದುದಲ್ಲ; ಬಣ್ಣ ಏಕೆ ಬದಲಾಯಿತೆಂದು ತಾಳ್ಮೆಯಿಂದ ಕೇಳಿದವರಿಂದ ಆದುದು. ನೀಲಿ ಹೋದುದನ್ನು ಯಾರಾದರೂ ನೋಡಬಲ್ಲರು. ಅದು ಬೇರೆ ಯಾವ ಕಾರಣದಿಂದಲೂ ಹೋಗಿಲ್ಲವೆಂದು ಖಚಿತಪಡಿಸಿಕೊಂಡವನೇ ವಿಜ್ಞಾನದ ನಿಜವಾದ ವಿದ್ಯಾರ್ಥಿ.